ಎರಡು ನವಿಲಿನ ಜಮಖಾನ

ನಾನೊಂದು ಜಮಖಾನ. ಹುಟ್ಟಿದ್ದು ನವಲಗುಂದದಲ್ಲಿ, ಹಜರತಬಿಯ ಮಗ್ಗದ ಮೇಲೆ. ಆ ತಾಯಿ ನನ್ನ ಎರಡು ತುದಿಗೆ ಒಂದೊಂದು ನವಿಲು ನೇಯ್ದಳು, ನಡುವೆ ಪಗಡೆಯ ಚಿತ್ತಾರ ಬಿಡಿಸಿದಳು. ಮಗ್ಗದಿಂದ ಇಳಿಸಿ ತುದಿಯ ಎಳೆಗಳಿಗೆಲ್ಲ ಗಂಟು ಹಾಕಿ, "ಈ ಗಂಟು ಇರೋತನಕ ನಿನಗ ಚಿಂತಿಲ್ಲ" ಎಂದು ಬೆನ್ನು ತಟ್ಟಿದಳು.

ನನ್ನನ್ನು ಕೊಂಡವರು ಗದಗಿನ ಮಗ್ಗದ ಓಣಿ ಬರಹಗಾರರ ಸಂಘದವರು. ಒಂದು ಛಾಪಖಾನೆಯ ಅಟ್ಟದ ಮೇಲೆ ಅವರ ಸಭೆ. ಅಲ್ಲಿಗೆ ಕುರ್ಚಿ ಬರುವಂತಿಲ್ಲ. "ನೆಲದ ಮಂದಿ ಬಗ್ಗೆ ಬರಿಯೋರು ನೆಲದ ಮ್ಯಾಲ ಕೂಡಬೇಕು" ಎಂಬುದು ಅಧ್ಯಕ್ಷ ಬಸಲಿಂಗ ಮಾಸ್ತರರ ನೇಮ. ನನ್ನನ್ನು ಹಾಸಿ ಮಡಚುವವನು ಮೌಲಾಸಾಬ. ಕಸುಬು ಟೇಲರು, ಅಂಗಿಯ ಜೇಬಿನಲ್ಲಿ ಸದಾ ಒಂದು ಕವಿತೆ.

ಠರಾವಿಗೆ ಯಾರೂ ಕೈಯೆತ್ತುತ್ತಿರಲಿಲ್ಲ. ಒಪ್ಪಿದವರು ಕಿಟಕಿ ಕಡೆಯ ನವಿಲಿನ ಮೇಲೆ, ಒಪ್ಪದವರು ಬಾಗಿಲ ಕಡೆಯ ನವಿಲಿನ ಮೇಲೆ ಕೂರಬೇಕು. ಎಣಿಕೆ ಮುಗಿದ ಮೇಲೆ ಗೆದ್ದವರು ಸೋತವರೆಲ್ಲ ನಡುವಿನ ಪಗಡೆಗೆ ಮರಳಿ ಚಹಾ ಕುಡಿಯಬೇಕು. ಮಿಲ್ಲಿನ ಮುಷ್ಕರಕ್ಕೆ ಹಾಡು ಕಟ್ಟುವುದು ಹೀಗೇ ತೀರ್ಮಾನವಾಯಿತು. ಆಗೊಮ್ಮೆ ಕರಪತ್ರ ಹುಡುಕಿಕೊಂಡು ಪೊಲೀಸರು ಬಂದರು. "ಕುರ್ಚಿ ಇಲ್ರಿ ಸಾಹೇಬ್ರ, ಇಲ್ಲೇ ಕೂಡ್ರಿ" ಎಂದ ಮೌಲಾಸಾಬ. ಫೌಜದಾರರು ನನ್ನ ಮೇಲೆ ಕೂತು ಚಹಾ ಕುಡಿದು ಹೋದರು. ಕರಪತ್ರಗಳು ನನ್ನ ಕೆಳಗೇ ಇದ್ದವು!

ಆಮೇಲೊಂದು ಚುನಾವಣೆ ಬಂತು. ಸಂಘ ಒಂದು ಪಕ್ಷದ ಜೊತೆ ನಿಲ್ಲಲಿ ಎಂದರು ಕಾಲೇಜಿನ ಶಿವಲೀಲಾ ಮೇಡಂ. "ಬರೇ ಬರದು ಕುಂತ್ರ ಏನಾಗ್ತದ್ರಿ, ಮಾಸ್ತರ?"

"ಪಕ್ಷದ ಬೆನ್ನ ಹತ್ತಿದ್ರ ಬರಿಯೂದೂ ಉಳಿಯಂಗಿಲ್ಲವ್ವಾ."

ಆ ಕಡೆ ಹನ್ನೊಂದು, ಈ ಕಡೆ ಹನ್ನೊಂದು. ನಡುವೆ ಕೆಟಲಿ ಹಿಡಿದ ಮೌಲಾಸಾಬ ಒಬ್ಬನೇ.

"ನೀ ಯಾ ಕಡೆ ಹೇಳಪಾ?" ಕೇಳಿದರು ಮಾಸ್ತರರು.

"ನಾ ಚಹಾದ ಕಡೆ. ಬರ್ರೀ, ಆರಿ ಹೊಂಟೈತಿ."

ಯಾರೂ ನಗಲಿಲ್ಲ. ಯಾರೂ ಪಗಡೆಗೆ ಬರಲಿಲ್ಲ. ಮೂವತ್ತು ವರ್ಷದಲ್ಲಿ ಅದೇ ಮೊದಲು.

ಸಂಘ ಎರಡಾಯಿತು. ಮುಂದಿನ ಭಾನುವಾರ ಪಾಲು. ಪುಸ್ತಕ ಹಂಚಿದರು, ಕಪಾಟು ಹಂಚಿದರು. ಉಳಿದವನು ನಾನು. ಸಮಾನತೆಯ ಮೇಲೆ ಅಷ್ಟೆಲ್ಲ ಬರೆದವರು. ಒಬ್ಬರಿಗೆ ಪೂರ್ತಿ ಕೊಡುವುದು ಹೇಗೆ? ಸರಿಯಾಗಿ ಎರಡು ತುಂಡು ಎಂದು ಠರಾವಾಯಿತು. ಆ ದಿನ ಎಲ್ಲರೂ ಒಪ್ಪಿದ ಠರಾವು ಅದೊಂದೇ. ಕತ್ತರಿಯನ್ನು ಟೇಲರಿನ ಕೈಗೇ ಕೊಟ್ಟರು.

"ನಡುವ ಕೊಯ್ದ್ರ ಎಳಿ ಬಿಚ್ಕೋತಾವ್ರೀ. ಮತ್ತ ಕೂಡಂಗಿಲ್ರೀ."

"ಠರಾವು ಆಗೇತಿ ಮೌಲಾ," ಎಂದರು ಮಾಸ್ತರರು. ಮೇಡಂ ಕಿಟಕಿಯ ಆಚೆ ನೋಡುತ್ತಿದ್ದರು.

ಅವನು ಪಗಡೆಯ ನಡುವೆ ಕತ್ತರಿ ಇಟ್ಟ. ಕೊಯ್ದ ಗೆರೆ ನೆಟ್ಟಗೆ ಬಂತು. ಕಸುಬು ಕಲಿತ ಕೈ. ನನಗೆ ಬಾಯಿಲ್ಲ, ಇದ್ದರೂ ಯಾವ ನವಿಲಿನಿಂದ ಕೂಗಲಿ?

ಮೇಡಮ್ಮರ ಪಾಲಿನ ತುಂಡು ಪಕ್ಷದ ಕಚೇರಿಗೆ ಹೋಯಿತು. ಕುರ್ಚಿಗಳ ಕಾಲಡಿ ಎಳೆ ಎಳೆಯಾಗಿ ಬಿಚ್ಚಿ, ಕಸದ ಜೊತೆ ಹೋಯಿತಂತೆ. ಮಾಸ್ತರರ ಕಡೆಯವರೂ ಒಬ್ಬೊಬ್ಬರಾಗಿ ಕರಗಿದರು. ಉಳಿದ ಅರ್ಧ ನನ್ನನ್ನು ಮೌಲಾಸಾಬ ತನ್ನ ಅಂಗಡಿಗೆ ಒಯ್ದು, ಕೊಯ್ದ ಬದಿಗೆ ಕರಿ ಅರಿವೆಯ ಪಟ್ಟಿ ಹೊಲಿದು ಮೂಲೆಯಲ್ಲಿ ಇಟ್ಟುಕೊಂಡ.

ಮೊನ್ನೆ ಮಾಸ್ತರರು ಕೋಲೂರಿಕೊಂಡು ಬಂದರು. ಮೌಲಾಸಾಬ ಕುರ್ಚಿ ಎಳೆದ. ಅವರು ತಲೆಯಲ್ಲಾಡಿಸಿ, "ಅದನ್ನ ಹಾಸಪಾ" ಎಂದರು. ನವಿಲಿನ ಮೇಲೆ ಕೂರಲಿಲ್ಲ. ತಡವರಿಸುತ್ತ ಪಗಡೆಗೆ ಬಂದು ಕರಿ ಪಟ್ಟಿಯ ಹತ್ತಿರ ಕೂತರು.

"ಶಿವಲೀಲಾ ಬರ್ತಾಳೇನೋ?"

"ಹೇಳಿ ಕಳಿಸೇನ್ರೀ."

ಮೌಲಾಸಾಬ ಮೂರು ಕಪ್ಪಿಗೆ ಚಹಾ ಸುರಿದ. ಎರಡನ್ನು ನನ್ನ ಮೇಲಿಟ್ಟ. ಮೂರನೆಯದನ್ನು ಮಾಸ್ತರರ ಎದುರಿಗೆ, ಪಟ್ಟಿಯ ಆಚೆ ಬರಿ ನೆಲದ ಮೇಲಿಟ್ಟ. ಅದು ಆರುತ್ತಿತ್ತು. ಅಲ್ಲಿ ಹಾಸಲು ನಾನಿರಲಿಲ್ಲ.