ಬಿಳಿ ಗೆರೆ

ಹಳೇ ಕಾರಿನ ಮುಂದಿನ ಚಕ್ರಗಳಿಗೆ ಗಟ್ಟಿ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್ ಹಾಕಿ ಮುಗಿದಿತ್ತು. ಓಡಿಸಿ ನೋಡಲು ಗ್ಯಾರೇಜಿನ ಮೇಸ್ತ್ರಿಯ ಮಗಳೇ ಸ್ಟೀರಿಂಗ್ ಹಿಡಿದಿದ್ದಳು, ಪಕ್ಕದಲ್ಲಿ ಮೇಸ್ತ್ರಿ. ತಿರುವು ಬಂದರೆ ದೋಣಿಯಂತೆ ವಾಲುತ್ತಿದ್ದ ಕಾರು ಇವತ್ತು ರಸ್ತೆಗೆ ಅಂಟಿಕೊಂಡೇ ತಿರುಗಿತು. ಮೇಸ್ತ್ರಿ ಮೀಸೆಯಡಿಯಲ್ಲೇ ನಕ್ಕು ಜೇಬಿಗೆ ಕೈ ಹಾಕಿದ. ಬೆಳಿಗ್ಗೆ ತಂದ ಹೊಸ ಸೀಮೆಸುಣ್ಣ ಸಿಕ್ಕಿತು. ಅದರ ತುದಿ ಸವೆದೇ ಇರಲಿಲ್ಲ.

ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕಾರನ್ನು ಜಾಕಿನಿಂದ ಇಳಿಸಿದ ಮೇಲೆಯೇ ಕೆಳಗಿನ ನಟ್ಟುಗಳನ್ನು ಪೂರ್ತಿ ಬಿಗಿಯಬೇಕು, ಬಿಗಿದದ್ದಕ್ಕೆ ಗುರುತಾಗಿ ಸೀಮೆಸುಣ್ಣದಿಂದ ಬಿಳಿ ಗೆರೆ ಎಳೆಯಬೇಕು. ಅವನೇ ಮಾಡಿದ ನಿಯಮ ಅದು. ಇವತ್ತು ಕಾರು ಇಳಿಸಿ ಅವನು ಊಟಕ್ಕೆ ಎದ್ದಿದ್ದ. ಆಮೇಲೆ ಬಿಗಿದ ನೆನಪೇ ಇಲ್ಲ.

ಎದುರಿಗೆ ಇಳಿಜಾರು, ಅದರ ಕೊನೆಗೆ ಇನ್ನೊಂದು ತಿರುವು.

"ನಿಧಾನ ಕಣಮ್ಮ. ಬ್ರೇಕ್ ಜೋರಾಗಿ ಒತ್ತಬೇಡ. ಪಕ್ಕಕ್ಕೆ ಹಾಕು."

ಕಾರು ನಿಂತಿದ್ದೇ ತಡ, ಟಾರ್ಚ್ ಹಿಡಿದು ಕಾರಿನಡಿಗೆ ತೂರಿದ. ನಟ್ಟುಗಳೆಲ್ಲ ಬಿಗಿಯಾಗಿದ್ದವು. ಒಂದೊಂದರ ಮೇಲೂ ಉಗುರುಬಣ್ಣದ ಕೆಂಪು ಗೆರೆ.

"ನನ್ನ ಕೆಲಸಕ್ಕೆ ಕೈ ಹಾಕು ಅಂತ ನಿಂಗ್ಯಾರು ಹೇಳಿದ್ದು?" ಅಲ್ಲಿಂದಲೇ ಗುಡುಗಿದ.

ಮಗಳು ಬಗ್ಗಿ ಅವನ ಮುಖ ನೋಡಿದಳು.

"ನೀವು ಮರೆತಿದ್ದು ಇದು ನಾಲ್ಕನೇ ಸಲ, ಅಪ್ಪಾ."