ಒಳಕೋಣೆಗೆ ಹಾಕಿದ ಚಿಲಕ

ಭಾನುವಾರ ತಮ್ಮನ ಮನೆಗೆ ಊಟಕ್ಕೆ ಹೋಗುವುದು ಆ ನರವಿಜ್ಞಾನಿಗೆ ವರ್ಷಗಳ ರೂಢಿ. ಹೋದೊಡನೆ ತಮ್ಮನ ಕಿರಿಮಗಳು ಅತ್ತೆಯ ಮಡಿಲೇರಿ ಶಾಲೆಯ ಸುದ್ದಿಯನ್ನೆಲ್ಲ ಒಪ್ಪಿಸಬೇಕು. ತಾಯಿಯಿಲ್ಲದೆ ಅಜ್ಜಿಯ ಕೈಯಲ್ಲಿ ಬೆಳೆದ ಏಳು ವರ್ಷದ ಆ ಹುಡುಗಿಯ ಬಾಯಿಗೆ ಬಿಡುವೇ ಇಲ್ಲ. ಅದಕ್ಕೇ ಮನೆಯವರೆಲ್ಲ ಅವಳನ್ನು ಚಿನಕುರುಳಿ ಎನ್ನುತ್ತಿದ್ದರು. ಅಂದು ಟೀಚರ ಮೂಗಿನ ಮೇಲೆ ನೊಣ ಕೂತ ಕಥೆ ಹೇಳುತ್ತಿದ್ದವಳು ನಡುವೆ ತಟಕ್ಕನೆ ನಿಂತಳು. ಕಣ್ಣು ತೆರೆದೇ ಇತ್ತು, ರೆಪ್ಪೆ ಅದುರುತ್ತಿತ್ತು. ಹನ್ನೊಂದು ಸೆಕೆಂಡಿನ ಮೇಲೆ ಏನೂ ಆಗದವಳಂತೆ, "ಆಮೇಲೆ ಆ ನೊಣ..." ಎಂದು ಮುಂದುವರಿಸಿದಳು.

ಇಪ್ಪತ್ತೆರಡು ವರ್ಷಗಳಿಂದ ಆಕೆ ಪ್ರಯೋಗಾಲಯದಲ್ಲಿ ಅಭ್ಯಸಿಸುತ್ತಿದ್ದುದು ಮಕ್ಕಳ ಈ ಮೂರ್ಛೆರೋಗವನ್ನೇ. ಬೆಳೆಯುವ ಮಿದುಳು ಎಳೆಗೆ ಎಳೆ ಹೆಣೆದುಕೊಳ್ಳುವ ಹೊತ್ತಿನಲ್ಲಿ ಮೂರ್ಛೆ ಮತ್ತೆ ಮತ್ತೆ ಬಂದರೆ ಆ ಹೆಣಿಗೆ ಹೇಗೆ ಕೆಡುತ್ತದೆಂದು ಎಷ್ಟೋ ವೇದಿಕೆಗಳಲ್ಲಿ ತೋರಿಸಿ ಚಪ್ಪಾಳೆ ಪಡೆದಿದ್ದಳು. ಮಗುವಿನ ಕೂದಲು ಸರಿಸಿ ನೋಡಿದಳು. ಕತ್ತಿನ ಹಿಂದೆ ಮೂರು ಸುಟ್ಟ ಗುರುತು.

ತಮ್ಮ ತಲೆ ತಗ್ಗಿಸಿ ಬಾಯಿಬಿಟ್ಟ. ಒಂದು ವರ್ಷದಿಂದ ಮಗು ಆಗಾಗ ಮೈ ಸೆಟೆದು ಬೀಳುತ್ತಿದೆ, ಅಮ್ಮ ಯಾರಿಂದಲೋ ಬರೆ ಹಾಕಿಸಿದ್ದಾಳೆ, ಅಕ್ಕನ ಕಿವಿಗೆ ಬೀಳಬಾರದೆಂದು ಕಟ್ಟಪ್ಪಣೆ ಮಾಡಿದ್ದಾಳೆ.

"ಆಸ್ಪತ್ರೆಗೆ ಹೋದ್ರೆ ಚೀಟಿ ಬರೀತಾರೆ," ಎಂದಳು ಅವರಿಬ್ಬರ ತಾಯಿ, ಬಟ್ಟೆ ಮಡಿಚುವುದನ್ನೂ ನಿಲ್ಲಿಸದೆ. "ಚೀಟೀಲಿ ಆ ಕಾಯಿಲೆ ಹೆಸರು ಬಂದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಇವಳಕ್ಕನ ಮದುವೆ ಆಗ್ಬೇಕೋ ಬೇಡ್ವೋ?"

"ನಿನ್ನ ಸಕ್ಕರೆ ಕಾಯಿಲೆಗೆ ದಿನಾ ಮಾತ್ರೆ ನುಂಗ್ತೀಯಲ್ಲಮ್ಮ, ಅದಕ್ಕಿಲ್ಲದ ನಾಚಿಕೆ ಇದಕ್ಯಾಕೆ? ಕಾದ ಕಬ್ಬಿಣದಿಂದ ಚರ್ಮ ಸುಡುತ್ತೆ ಅಷ್ಟೆ," ಎಂದಳು ಆಕೆ.

ಮಾರನೆಯ ದಿನವೇ ಆಕೆ ಮಗುವನ್ನು ಮಕ್ಕಳ ನರವೈದ್ಯರ ಬಳಿಗೆ ಕರೆದೊಯ್ದಳು. ಪರೀಕ್ಷೆಯಾಯಿತು, ಮಾತ್ರೆ ಶುರುವಾಯಿತು. ನಾಲ್ಕು ತಿಂಗಳು ಮಗು ಒಮ್ಮೆಯೂ ಬೀಳಲಿಲ್ಲ. ಒಮ್ಮೆಲೇ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯವೆಂದು ನೂರು ಸಲ ಹೇಳಿದಳು. ನೂರು ಸಲವೂ ಅಮ್ಮ, ತಮ್ಮ ಇಬ್ಬರೂ ಹೂಂಗುಟ್ಟಿದರು.

ಅಷ್ಟರಲ್ಲಿ ದೊಡ್ಡ ಹುಡುಗಿಗೆ ಒಳ್ಳೆಯ ಸಂಬಂಧ ಬಂತು. ಗಂಡಿನ ಕಡೆಯವರ ಕಣ್ಣಿಗೆ ಮಾತ್ರೆಯ ಡಬ್ಬಿ ಬಿದ್ದರೇನು ಗತಿ? ಹೇಗೂ ವಾಸಿಯಾಗಿದೆಯಲ್ಲ ಎಂದು ಅಜ್ಜಿ, ಅವರು ಹೆಣ್ಣು ನೋಡಲು ಬರುವ ಐದು ದಿನ ಮೊದಲೇ ಮಾತ್ರೆಗಳನ್ನು ಮೋರಿಗೆ ಸುರಿದಳು. ತಮ್ಮ ನೋಡಿದ, ತಡೆಯಲಿಲ್ಲ, ಅಕ್ಕನಿಗೂ ಹೇಳಲಿಲ್ಲ.

ಅತಿಥಿಗಳು ಬಂದು ಕೂತ ಹತ್ತು ನಿಮಿಷಕ್ಕೆ ಚಿನಕುರುಳಿ ಒಳಕೋಣೆಯಲ್ಲಿ ಬಿದ್ದಳು. ಅಜ್ಜಿ ಹೊರಗಿನಿಂದ ಚಿಲಕ ಹಾಕಿ, ಟಿ.ವಿ.ಯ ಸದ್ದು ಹೆಚ್ಚಿಸಿ, ಚಹಾ ತಂದಿಟ್ಟಳು. ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು ಕೇಳಿ ದೊಡ್ಡವಳು ಏಳಹೋದಳು. ಅಜ್ಜಿಯ ಕೈ ಅವಳ ಭುಜ ಅದುಮಿತು, ಕೂತಳು. ಮುಕ್ಕಾಲು ಗಂಟೆಯ ಮೇಲೆ ಬಂದವರು ಹೊರಟರು. ಚಿಲಕ ತೆಗೆದಾಗ ಮಗುವಿನ ತುಟಿ ನೀಲಿಗಟ್ಟಿತ್ತು, ಉಸಿರಿರಲಿಲ್ಲ.

ಮರುದಿನ ಮನೆ ತುಂಬ ಜನ. ಗಂಡಿನ ತಾಯಿಯೂ ಬಂದಿದ್ದರು. ತಮ್ಮ ಅಕ್ಕನನ್ನು ಅಡುಗೆಮನೆಗೆ ಕರೆದು, ನಡೆದುದನ್ನೆಲ್ಲ ಹೇಳಿ, ಜ್ವರ ಬಂದಿತ್ತು ಅಂತ ಹೇಳಿಬಿಡು ಎಂದು ಕೈಹಿಡಿದ. "ನೀನು ಹೇಳಿದ್ರೆ ಎಲ್ರೂ ನಂಬ್ತಾರಕ್ಕ."

"ಅದಕ್ಕೇ ಹೇಳಲ್ಲ," ಎಂದಳು ಆಕೆ. ಕೋಪದಿಂದ ಅವನ ಕೈ ಕೊಡವಿದಳು. ತನ್ನ ಮೇಲೂ ಅಷ್ಟೇ ಕೋಪ. ಲೋಕಕ್ಕೆಲ್ಲ ಪಾಠ ಹೇಳಿದವಳು ಈ ಮನೆಯ ಹೂಂಗುಟ್ಟುವಿಕೆಯನ್ನು ನಂಬಿ ಕೂತಿದ್ದಳು.

ಹಜಾರದಲ್ಲಿ ಗಂಡಿನ ತಾಯಿ, ಮಗುವಿಗೆ ಏನಾಗಿತ್ತು ಎಂದು ಕೇಳಿದರು. ಅಜ್ಜಿ ಜ್ವರವೆಂದು ಶುರುಮಾಡುವಷ್ಟರಲ್ಲಿ ದೊಡ್ಡ ಹುಡುಗಿ ಎದ್ದು ನಿಂತಳು.

"ಜ್ವರ ಅಲ್ಲ. ನನ್ನ ತಂಗಿಗೆ ಫಿಟ್ಸ್ ಇತ್ತು. ಮಾತ್ರೆ ಕೊಟ್ಟಿದ್ರೆ ಬದುಕಿರ್ತಿದ್ಲು. ನಿನ್ನೆ ನೀವು ಇಲ್ಲಿ ಚಹಾ ಕುಡೀತಿದ್ದಾಗ ಆ ಬಾಗಿಲ ಹಿಂದೆ ಸತ್ಲು. ನನಗೆ ಕೇಳಿಸ್ತು, ಆದ್ರೂ ಕೂತಿದ್ದೆ. ಅವಳನ್ನ ಮುಚ್ಚಿಟ್ಟು ಮಾಡ್ಕೊಳ್ಳೋ ಮದುವೆ ನನಗೆ ಬೇಡ."

ಗಂಡಿನ ತಾಯಿ ಚಪ್ಪಲಿ ಮೆಟ್ಟಿ ಹೊರಟರು. ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಜಾಗ ಖಾಲಿ ಮಾಡಿದರು. ಪಕ್ಕದ ಮನೆಯ ದರ್ಜಿ ಹೆಂಗಸು ಮಾತ್ರ ಕದಲಲಿಲ್ಲ. ಎಲ್ಲರೂ ಹೋದ ಮೇಲೆ ವಿಜ್ಞಾನಿಯ ಹತ್ತಿರ ಬಂದು ಪಿಸುದನಿಯಲ್ಲಿ ಹೇಳಿದಳು:

"ನಮ್ಮನೇಲೂ ಒಬ್ಳು ಇದಾಳೆ ಮೇಡಂ. ಐದು ವರ್ಷ. ಯಾವಾಗ ಕರ್ಕೊಂಡು ಬರ್ಲಿ?"

"ಈಗಲೇ," ಎಂದು ಆಕೆ ಎದ್ದಳು.