ಹಿತ್ತಲ ಕೊಳಕ್ಕೆ ಬಂದವರು

ಸಿಟ್ಟು ಬಂದರೆ ನಾನು ಪಾತ್ರೆ ತೊಳೆಯುತ್ತೇನೆ. ಇವತ್ತು ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಎರಡೆರಡು ಸಲ ತೊಳೆದಾಯಿತು, ಸಿಟ್ಟು ಮಾತ್ರ ಹಾಗೇ ಇದೆ.

ನಮ್ಮ ಕಟ್ಟಡದ ಹಿಂದೆ ಹಳೆಯ ನೀರಿನ ತೊಟ್ಟಿಯನ್ನು ಕಿತ್ತ ಮೇಲೆ ದೊಡ್ಡ ಗುಂಡಿಯೊಂದು ಉಳಿದಿತ್ತು. ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮಣ್ಣು ಹರಡಿ, ನೀರು ತುಂಬಿಸಿದವಳು ನಾನು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಹೊಸ ನೀರಿಗೆ ಯಾವ ಹುಳು ಮೊದಲು ಬರುತ್ತದೆ, ಯಾವುದು ತಡವಾಗಿ ಬರುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಬೇಸತ್ತಿದ್ದೆ, ಒಮ್ಮೆಯಾದರೂ ಕಣ್ಣಾರೆ ನೋಡಬೇಕಿತ್ತು. ಹಾಕಿಕೊಂಡ ಕಟ್ಟುಪಾಡು ಒಂದೇ: ಕೊಳಕ್ಕೆ ಯಾರೂ ಏನನ್ನೂ ಹಾಕಕೂಡದು, ಒಂದು ಮೀನನ್ನೂ ಸಹ. ಬರುವವರು ತಾವಾಗಿಯೇ ಬರಬೇಕು.

ಮೊದಲು ಬಂದದ್ದು ಸೊಳ್ಳೆ. ನೀರು ಹಸಿರಾಗುವ ಮೊದಲೇ ಮೊಟ್ಟೆಯಿಟ್ಟು ಹೋದವು, ಮರಿಗಳು ತಲೆಕೆಳಗಾಗಿ ನೇತಾಡತೊಡಗಿದವು. ಮೆಟ್ಟಿಲ ಮೇಲೆ ಮಕ್ಕಳು ಓಡಿದರೂ ಸೀಟಿ ಊದುವ ನಮ್ಮ ಕಟ್ಟಡದ ಸಂಘದ ಅಧ್ಯಕ್ಷರು, ಎಲ್ಲರ ಬಾಯಲ್ಲಿ ಸೀಟಿ ಅಂಕಲ್, ನನ್ನ ಮೇಲೆ ಹರಿಹಾಯ್ದರು. ಸೊಳ್ಳೆಮರಿಗಳನ್ನು ತಿನ್ನುವ ಹುಳುಗಳೂ ಹಿಂದೆಯೇ ಬರುತ್ತವೆ, ಸ್ವಲ್ಪ ತಾಳಿ ಎಂದು ಅಂಗಲಾಚಿದೆ. ಇನ್ನು ಪ್ರತಿ ತಿಂಗಳೂ ಸಭೆ ಮುಗಿಸಿ ಬಂದು ನೋಡುತ್ತೇವೆ, ಒಂದು ಮರಿ ಕಂಡರೂ ಗುಂಡಿ ಮುಚ್ಚಿಸುತ್ತೇವೆ ಎಂದರು.

ತಿನ್ನುವವೂ ಬಂದವು. ಒಂದು ಸಂಜೆ ಸೀಟಿ ಅಂಕಲ್ ಒರೆಸಿ ಒರೆಸಿ ಹೊಳಪಿಟ್ಟ ಕಾರಿನ ಮೇಲೆ ಟಪ್ಪೆಂದು ಏನೋ ಬಿತ್ತು. ನೀರೆಂದು ಮೋಸಹೋದ ಜೀರುಂಡೆ. ಒಂದಿಷ್ಟು ಒದ್ದಾಡಿ, ಮತ್ತೆ ಹಾರಿ, ಸರಿಯಾದ ಜಾಗಕ್ಕೆ ಇಳಿಯಿತು. ಆಮೇಲೆ ಅಂಗಾತ ಈಜುವ ಸೂಜಿಮೂತಿಯವು, ನೀರಿನ ಮೇಲೆ ಓಡುವ ಉದ್ದಕಾಲಿನವು. ಕೊನೆಗೆ ಏರೋಪ್ಲೇನ್ ಚಿಟ್ಟೆಯೊಂದು ಬಾಲ ಅದ್ದಿ ಅದ್ದಿ ಮೊಟ್ಟೆಯಿಟ್ಟಿತು, ಅದರ ಮರಿಗಳು ಕೆಸರಿನಲ್ಲಿ ಹೊಂಚುಹಾಕಿ ಕೂತವು. ಸೊಳ್ಳೆಮರಿಗಳು ಕರಗುತ್ತ ಬಂದರೂ ಸಭೆಯ ಹಿಂದಿನ ದಿನ ಮೂಲೆಯಲ್ಲಿ ಒಂದು ಗುಂಪು ಉಳಿದೇ ಇತ್ತು. ನನಗೆ ಊಟ ಸೇರಲಿಲ್ಲ. ನನ್ನ ಗಂಡ ಅದನ್ನು ನೋಡುತ್ತಲೇ ಇದ್ದರು.

ಮರುದಿನ ರಾತ್ರಿ ಸಭೆ ಮುಗಿದ ಮೇಲೆ ಎಲ್ಲರೂ ಟಾರ್ಚ್ ಬೆಳಕಿನಲ್ಲಿ ಬಗ್ಗಿ ಬಗ್ಗಿ ನೋಡಿದರು. ಒಂದೂ ಸೊಳ್ಳೆಮರಿ ಇಲ್ಲ. ಸೀಟಿ ಅಂಕಲ್ ಮುಖ ಗಂಟಿಕ್ಕಿಕೊಂಡೇ ಸರಿ, ಇರಲಿ ಎಂದರು. ನಾನು ಉಬ್ಬಿಹೋದೆ. ಪಕ್ಕದಲ್ಲಿ ನಿಂತ ಗಂಡನಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಅದು ಯಾವಾಗಲೂ ಬರುತ್ತದೆ. ಅವರು ಕೆಲಸ ಮಾಡುವ ಮುದ್ರಣಾಲಯದಲ್ಲಿ ರೋಲರಿನ ಮಸಿ ತೊಳೆಯುವುದು ಸೀಮೆಎಣ್ಣೆಯಿಂದಲೇ.

ಇವತ್ತು ಬೆಳಗ್ಗೆ ಅವರು ಕೆಲಸಕ್ಕೆ ಹೋದ ಮೇಲೂ ಆ ವಾಸನೆ ಕೊಳದ ಬಳಿ ಹಾಗೇ ಇತ್ತು.

ಬಗ್ಗಿ ನೋಡಿದೆ. ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆ. ಉಸಿರಿಗೆಂದು ಮೇಲೆ ಬಂದ ಜೀರುಂಡೆಗಳು, ಅಂಗಾತ ಈಜುವವು, ಎಲ್ಲ ಸತ್ತು ದಡಕ್ಕೆ ಬಂದು ಅಂಟಿದ್ದವು. ಕೆಸರಿನಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿ ಬದುಕಿದೆಯೋ ಏನೋ, ಹುಡುಕಲು ಕೈ ಬರಲಿಲ್ಲ. ಅಲ್ಲೇ ನಿಂತು ಅತ್ತೆ.

ಸಂಜೆ ಅವರು ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ. ಒಪ್ಪಿಕೊಂಡರು.

"ನಿಂಗೋಸ್ಕರ ಕಣೆ ಮಾಡಿದ್ದು. ಸೊಳ್ಳೆಗೆ ಅಂತ ಒಂಚೂರು ಹಾಕ್ದೆ."

"ಸೊಳ್ಳೆ ಯಾವ್ದು, ಸೊಳ್ಳೆ ತಿನ್ನೋದು ಯಾವ್ದು ಅಂತ ಎಣ್ಣೆಗೆ ಗೊತ್ತಾಗತ್ತೇನ್ರೀ? ಈಗ ಮತ್ತೆ ಮೊದಲಿಂದ. ಸೊಳ್ಳೆ ಇವತ್ತೋ ನಾಳೆನೋ ಬರತ್ತೆ, ಅದನ್ನ ತಿನ್ನೋವು ಯಾವಾಗ ಬರತ್ವೋ. ಅಷ್ಟರಲ್ಲಿ ಮುಂದಿನ ಸಭೆ ಬಂದಿರತ್ತೆ."

"ನಾನು ಹಾಕ್ದೆ ಇದ್ದಿದ್ರೆ ನಿನ್ನೆನೇ ಮುಚ್ಚಿಸ್ಬಿಡ್ತಿದ್ರಲ್ಲ."

"ಮುಚ್ಚಿಸಲಿ. ಅವ್ರನ್ನ ಬಾಯ್ತುಂಬ ಬೈಕೊಂಡಿರ್ತಿದ್ದೆ. ಈಗ ಯಾರನ್ನ ಬೈಲಿ?"

ಅವರು ಅಟ್ಟದಿಂದ ಹಳೆಯ ಪೇಪರಿನ ಕಟ್ಟು ಇಳಿಸಿಕೊಂಡು ಕೆಳಗೆ ಹೋದರು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಹಾಳೆಯನ್ನು ಒಂದೊಂದಾಗಿ ನೀರಿನ ಮೇಲೆ ಹಾಸಿ, ಎಣ್ಣೆ ಹೀರಿಕೊಂಡದ್ದನ್ನು ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದರು. ಹಾಳೆಯ ಮೇಲೆ ಜೀರುಂಡೆ ಅಂಟಿ ಬಂದರೆ ಬಿಡಿಸಿ ಪಕ್ಕಕ್ಕಿಡುತ್ತಿದ್ದರು, ಇನ್ನೇನು ಎದ್ದು ಹಾರುತ್ತದೆ ಅನ್ನುವ ಹಾಗೆ. ಹೋಗಿ ಕೈಜೋಡಿಸಬಹುದಿತ್ತು. ಹೋಗಲಿಲ್ಲ. ಮತ್ತೆ ಪಾತ್ರೆಗೆ ಕೈ ಹಾಕಿದೆ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಚಟ್ ಎಂದು ಸದ್ದು ಕೇಳಿತು. ಅವರು ಕಾಲಿಗೆ ಹೊಡೆದುಕೊಂಡಿದ್ದರು. ಮತ್ತೊಂದು ಸಲ, ಕತ್ತಿಗೆ.

ಮೊದಲು ಬರುವವು ಆಗಲೇ ಬಂದಿದ್ದವು. ಕಚ್ಚಲಿ, ಚೆನ್ನಾಗಿ ಕಚ್ಚಲಿ ಎಂದುಕೊಂಡು ನಲ್ಲಿಯನ್ನು ಜೋರಾಗಿ ತಿರುಗಿಸಿದೆ.